ಅರಿತವರನ್ನು ಕೇಳುವ ಪ್ರಶ್ನೆ

ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ 2020ರಲ್ಲಿ ಸಿದ್ಧಾರೂಢ ಸ್ವಾಮಿಗಳ ಹೆಸರಿಟ್ಟರು. 2023ರ ಮಾರ್ಚ್‌ನಲ್ಲಿ ಅಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಅತಿ ಉದ್ದದ್ದೆಂದು ಸುದ್ದಿಯಾಯಿತು. ದಿನಕ್ಕೆ ಸಾವಿರಾರು ಜನ ಆ ಹೆಸರಿನ ಕೆಳಗೆ ಹಾದುಹೋಗುತ್ತಾರೆ. ಅಜ್ಜನ ಜಾತ್ರೆ, ತೇರು, ಪವಾಡಗಳ ಕಥೆ ಅವರಲ್ಲಿ ಬಹುಪಾಲು ಮಂದಿಗೆ ಗೊತ್ತು. ಆದರೆ ಬೀದರ ಸೀಮೆಯ ಚಳಕಾಪುರದಲ್ಲಿ ಹುಟ್ಟಿ, ದೇಶವೆಲ್ಲ ಸುತ್ತಿ, ಹುಬ್ಬಳ್ಳಿಯಲ್ಲಿ ನೆಲೆನಿಂತು 1929ರಲ್ಲಿ ದೇಹ ಬಿಟ್ಟ ಈ ಸಾಧು ಇಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ ಪಾಠ ಹೇಳುವುದು. ನಿಜಗುಣ ಶಿವಯೋಗಿಗಳ ಶಾಸ್ತ್ರಗ್ರಂಥಗಳನ್ನು ಹಿಡಿದು, ಸಂಸ್ಕೃತ ಬಾರದ ಒಕ್ಕಲಿಗ, ನೇಕಾರ, ವ್ಯಾಪಾರಿಗಳಿಗೆ ಅದ್ವೈತವನ್ನು ಬಿಡಿಸಿ ಹೇಳುವುದು.

ಈ ಪಾಠಕ್ಕೆ ಒಂದು ಕ್ರಮವಿದೆ: ಶ್ರವಣ, ಮನನ, ನಿದಿಧ್ಯಾಸನ. ಕೇಳುವುದು, ವಿಚಾರಿಸುವುದು, ಅದರಲ್ಲೇ ನಿಲ್ಲುವುದು. ನಡುವಿನ ಮನನವನ್ನು ನಾವು ಇಂದು ಸುಮ್ಮನೆ ‘ನೆನೆಯುವುದು’ ಎಂದುಕೊಳ್ಳುತ್ತೇವೆ. ಶಾಸ್ತ್ರದಲ್ಲಿ ಅದರ ಅರ್ಥ ಗಟ್ಟಿಯಾದದ್ದು. ಕೇಳಿದ ಮಾತು ಹೀಗಿರಲು ಸಾಧ್ಯವೇ ಎಂಬ ಸಂಶಯಕ್ಕೆ ‘ಅಸಂಭಾವನೆ’ ಎಂದು ಹೆಸರು. ಯುಕ್ತಿಯಿಂದ ಅದನ್ನು ಎದುರಿಸುವುದೇ ಮನನ. ಎಂದರೆ ಸಂಶಯ ಪಡುವುದು ಶಿಷ್ಯನ ತಪ್ಪೇನೂ ಆಗಿರಲಿಲ್ಲ, ಅದು ಅವನ ಪಾಠದ ಎರಡನೆಯ ಮೆಟ್ಟಿಲಾಗಿತ್ತು.

ಆ ಪಾಠದ ತಿರುಳನ್ನೇ ತೆಗೆದುಕೊಳ್ಳಿ. ಕೊಡವನ್ನು ಕಾಣುವ ಕಣ್ಣು ಕೊಡದಿಂದ ಬೇರೆ. ಕಣ್ಣು ಮಂಜಾಗಿದೆ ಎಂದು ತಿಳಿಯುವ ಮನಸ್ಸು ಕಣ್ಣಿನಿಂದ ಬೇರೆ. ಈ ಹೊತ್ತು ಮನಸ್ಸು ಸರಿಯಿಲ್ಲ ಎಂದು ತಿಳಿಯುವುದೂ ಒಂದಿದೆ. ಅದು ಮನಸ್ಸಿನಿಂದಲೂ ಬೇರೆ. ಅದನ್ನು ಕಾಣುವ ಇನ್ನೊಂದಿಲ್ಲ. ಅದೇ ಸಾಕ್ಷಿ, ಅದೇ ‘ನಾನು’, ಎಲ್ಲರಲ್ಲಿಯೂ ಇರುವುದು ಅದೊಂದೇ.

ಕೊನೆಯ ಹೆಜ್ಜೆಯಲ್ಲಿ ಒಂದು ದೊಡ್ಡ ಜಿಗಿತವಿದೆ. ಕಾಣುವುದು ಕಂಡದ್ದರಿಂದ ಬೇರೆ ಎಂದು ಒಪ್ಪಿದರೂ, ಕಾಣುವುದು ಎಲ್ಲರಲ್ಲಿ ಒಂದೇ ಎಂದು ಎಲ್ಲಿ ಸಿದ್ಧವಾಯಿತು? ಎದುರುಮನೆಯವನ ಹಲ್ಲುನೋವು ಈ ಮನೆಯವನಿಗೆ ತಿಳಿಯುವುದಿಲ್ಲವಲ್ಲ! ಅದ್ವೈತಿಯ ಬಳಿ ಉತ್ತರ ಸಿದ್ಧವಿದೆ: ಗಡಿಗೆಗಳು ಹಲವಾದರೂ ಒಳಗಿನ ಆಕಾಶ ಒಂದೇ, ಭೇದವಿರುವುದು ಮನಸ್ಸುಗಳಲ್ಲಿ. ಹೋಲಿಕೆ ಚೆಂದವೇ. ಆದರೆ ಅದು ಒಂದು ಸಾಧ್ಯತೆಯನ್ನು ತೋರಿಸುತ್ತದೆಯೇ ಹೊರತು ಸಾಧಿಸುವುದಿಲ್ಲ. ಗಾಢನಿದ್ರೆಯ ವಾದವೂ ಹೀಗೆಯೇ. ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎಂದು ಎದ್ದವನು ಹೇಳುತ್ತಾನಾದ್ದರಿಂದ ನಿದ್ರೆಯಲ್ಲೂ ಅರಿವು ಇತ್ತು ಎಂದು ಅದ್ವೈತಿಗಳ ವಾದ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಮೈ ಹಗುರಾದುದನ್ನು ಕಂಡು ಎದ್ದ ಮೇಲೆ ಮಾಡಿದ ಊಹೆ ಅದು, ನೆನಪಲ್ಲ ಎಂದರು. ಬೌದ್ಧರಂತೂ ಇನ್ನೂ ಮುಂದೆ ಹೋಗಿ, ಕ್ಷಣಕ್ಷಣದ ಅರಿವಿನ ಹರಿವು ಸಾಕು, ಅದರ ಹಿಂದೆ ಅರಿಯುವವನೊಬ್ಬನನ್ನು ಕೂರಿಸುವುದೇಕೆ ಎಂದು ಕೇಳಿದರು. ಇವು ನೂರಾರು ವರ್ಷ ನಡೆದ ಜಗಳಗಳು. ಆತ್ಮವಿಚಾರವನ್ನು ಪ್ರಶ್ನಿಸುವುದು ಪಾಶ್ಚಾತ್ಯರಿಂದ ಬಂದ ಚಟ ಎನ್ನುವವರು ನಮ್ಮ ಶಾಸ್ತ್ರಗ್ರಂಥಗಳನ್ನು ತೆರೆದು ನೋಡಿಲ್ಲವೆಂದೇ ಹೇಳಬೇಕು.

ತರ್ಕದ ಪ್ರಶ್ನೆಗಿಂತ ಹರಿತವಾದ ಇನ್ನೊಂದು ಪ್ರಶ್ನೆಯಿದೆ. ಅದನ್ನು ಕೇಳಿದವಳು ಒಬ್ಬ ಹೆಣ್ಣುಮಗಳು, ಹುಬ್ಬಳ್ಳಿಯಿಂದ ಪೂರ್ವಕ್ಕೆ ಗದಗ ದಾಟಿದರೆ ಸಿಗುವ ಲಕ್ಕುಂಡಿಯವಳು. ಹನ್ನೆರಡನೆಯ ಶತಮಾನದ ಮುಕ್ತಾಯಕ್ಕ ತನ್ನ ಅಣ್ಣ ಅಜಗಣ್ಣನನ್ನೇ ಗುರುವೆಂದು ನಂಬಿದ್ದಳು. ಅಣ್ಣ ತನ್ನ ಭಕ್ತಿಯನ್ನು ಯಾರಿಗೂ ತೋರದೆ ಗುಪ್ತವಾಗಿ ಇಟ್ಟುಕೊಂಡವನು. ಅವನು ತೀರಿಹೋಗಿ ಆಕೆ ದುಃಖದಲ್ಲಿ ಮುಳುಗಿರುವಾಗ ಅಲ್ಲಮಪ್ರಭು ಬರುತ್ತಾನೆ, ಉಪದೇಶದ ಮಾತಾಡುತ್ತಾನೆ. ಎದುರಿಗಿದ್ದವನು ಅಲ್ಲಮನೆಂದು ಮುಕ್ತಾಯಕ್ಕ ತಲೆಬಾಗುವುದಿಲ್ಲ. ಅರಿವು ನಿಜವಾಗಿ ನೆಲೆಗೊಂಡಿದ್ದರೆ ಈ ಮಾತು ಇನ್ನೂ ಏಕೆ ಉಳಿದಿದೆ, ತನ್ನ ಮಾತಿನ ಹಂಗೇ ಹರಿಯದವನು ಪರರಿಗೆ ಹೇಳುವುದೆಂತು ಎಂಬ ಧಾಟಿಯಲ್ಲಿ ಆಕೆ ಅಡ್ಡ ಪ್ರಶ್ನೆ ಹಾಕುತ್ತಾಳೆ.

‘ನಾನು ಅರಿತೆ’ ಎಂದು ಹೇಳುವ ಯಾರನ್ನಾದರೂ ಇಕ್ಕಟ್ಟಿಗೆ ಸಿಲುಕಿಸುವ ಪ್ರಶ್ನೆ ಇದು. ‘ನಾನು’ ಅಳಿದಿದೆಯೆಂದಾದರೆ ಅಳಿದದ್ದನ್ನು ಸಾರುತ್ತಿರುವವರು ಯಾರು? ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಿಗೆ ಸಂಕಲಿಸಿದ ‘ಶೂನ್ಯಸಂಪಾದನೆ’ ಈ ಸಂವಾದವನ್ನು ಮುಚ್ಚಿಡಲಿಲ್ಲ. ಕಡೆಗೆ ಆಕೆ ಅಲ್ಲಮನನ್ನು ಒಪ್ಪುತ್ತಾಳೆ ನಿಜ, ಆದರೆ ಆ ಒಪ್ಪಿಗೆ ಸುಲಭದಲ್ಲಿ ಬರುವುದಿಲ್ಲ. ಆ ಗ್ರಂಥ ಉದ್ದಕ್ಕೂ ಇಂಥ ಪರೀಕ್ಷೆಗಳದೇ ಸಾಲು; ಅಕ್ಕಮಹಾದೇವಿಗೂ ರಿಯಾಯಿತಿ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅದನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಈ ಊರಿನ ವಿದ್ವತ್ತಿನ ದೊಡ್ಡ ಕೆಲಸಗಳಲ್ಲೊಂದು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ವಿಷಯ ಬೇರೊಂದು ದಾರಿಯಿಂದ ಜಗತ್ತಿಗೆ ಹೋಯಿತು. ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ನೆಲೆಸಿದ್ದ ಉಮದಿಯ ಭಾವುಸಾಹೇಬ ಮಹಾರಾಜರು 1914ರಲ್ಲಿ ತೀರಿಕೊಂಡರು. ಅವರು ಹೇಳಿಕೊಟ್ಟದ್ದು ದೀರ್ಘ ನಾಮಸ್ಮರಣೆ ಮತ್ತು ಧ್ಯಾನ. ಅದಕ್ಕೆ ಪಿಪೀಲಿಕಾ ಮಾರ್ಗ, ಇರುವೆಯ ದಾರಿ, ಎಂದು ಹೆಸರು. ಶಿಷ್ಯರಲ್ಲೊಬ್ಬರಾದ ಸಿದ್ಧರಾಮೇಶ್ವರ ಮಹಾರಾಜರು ವಿಚಾರದಿಂದಲೇ ನೇರವಾಗಿ ತಲುಪುವ ವಿಹಂಗಮ ಮಾರ್ಗ, ಹಕ್ಕಿಯ ದಾರಿ, ಇದೆ ಎಂದರು. ಗುರುಬಂಧುಗಳು ಒಪ್ಪಲಿಲ್ಲ. ಸಿದ್ಧರಾಮೇಶ್ವರರ ಶಿಷ್ಯರು ಮುಂಬಯಿಯಲ್ಲಿ ಬೀಡಿ ಅಂಗಡಿ ನಡೆಸುತ್ತಿದ್ದ ನಿಸರ್ಗದತ್ತ ಮಹಾರಾಜರು. ಅವರ ಮಾತುಕತೆಗಳನ್ನು 1973ರಲ್ಲಿ ಇಂಗ್ಲಿಷ್ ಪುಸ್ತಕವಾಗಿಸಿದವರು ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಇಂಜಿನಿಯರು. 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಇಂದು ಅಮೆರಿಕ, ಯುರೋಪುಗಳಲ್ಲಿ ‘ಅರಿವು’, ‘ಎಚ್ಚರ’ ಎಂದು ಕಲಿಸುವ ಎಷ್ಟೋ ಶಿಬಿರಗಳ ಮೂಲ ಹುಡುಕುತ್ತ ಹೋದರೆ ಒಂದು ಎಳೆ ಬಂದು ಸೇರುವುದು ಇಂಡಿ ಸೀಮೆಯ ಬಯಲಿಗೆ.

ಅದೇ ಭಾವುಸಾಹೇಬರ ಇನ್ನೊಬ್ಬ ಶಿಷ್ಯರು ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ (1886–1957). ಅಲಹಾಬಾದಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು, ನಿಂಬಾಳದಲ್ಲಿ ಸಾಧಕರು. ಸಾಧಕನೊಳಗೆ ಪ್ರಾಧ್ಯಾಪಕ ನಿದ್ದೆ ಹೋಗಲಿಲ್ಲ ಎಂಬುದೇ ಅವರ ವಿಶೇಷ. ಮಹಾರಾಷ್ಟ್ರದ ಅನುಭಾವಿಗಳ ಬಗೆಗೆ 1933ರಲ್ಲಿ ಪ್ರಕಟಿಸಿದ ಗ್ರಂಥದ ಪೀಠಿಕೆಯಲ್ಲಿ ಅವರು ನೇರವಾಗಿ ಎತ್ತಿಕೊಂಡದ್ದು ಅನುಭಾವ ನಿಜವೆಂದು ತಿಳಿಯುವುದು ಹೇಗೆ ಎಂಬುದನ್ನು. ಬೇರೆ ಬೇರೆ ನಾಡಿನ ಅನುಭಾವಿಗಳ ಸಾಕ್ಷ್ಯ ಒಂದಕ್ಕೊಂದು ಹೊಂದಬೇಕು. ಅನುಭಾವಿಯ ಬುದ್ಧಿ ಚುರುಕಾಗಿರಬೇಕು, ಭಾವ ಆರ್ದ್ರವಾಗಿರಬೇಕು, ನಡತೆ ಶುದ್ಧವಾಗಿರಬೇಕು ಎಂಬುದು ಅವರ ಒರೆಗಲ್ಲು.

ಇದರಲ್ಲಿ ಮೊದಲನೆಯದು ಅಷ್ಟು ಗಟ್ಟಿಯಲ್ಲ. ಸಂತರ ಮಾತು ಹೊಂದುವುದಕ್ಕೆ ಎಲ್ಲರೂ ಒಂದೇ ಸತ್ಯವನ್ನು ಕಂಡದ್ದು ಕಾರಣವಿರಬಹುದು, ಮನುಷ್ಯರ ಮಿದುಳು ಎಲ್ಲೆಡೆ ಒಂದೇ ಬಗೆಯದಾಗಿರುವುದೂ ಕಾರಣವಿರಬಹುದು. ನಡತೆಯ ಒರೆಗಲ್ಲು ಮಾತ್ರ ಎಲ್ಲರ ಕೈಗೂ ಸಿಗುವಂಥದು. ಒಬ್ಬನ ಒಳಗೆ ಎಚ್ಚರವಾಯಿತೋ ಇಲ್ಲವೋ ಎಂದು ಇನ್ನೊಬ್ಬ ಇಣುಕಿ ನೋಡಲಾರ. ಅವನು ಹಣದೊಂದಿಗೆ, ಹೆಂಗಸರೊಂದಿಗೆ, ಕೈಕೆಳಗಿನವರೊಂದಿಗೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಊರೆಲ್ಲ ನೋಡಬಹುದು. ಗುರುವಿನ ನಡೆಯನ್ನು ಪ್ರಶ್ನಿಸಿದ ಶಿಷ್ಯನಿಗೆ ‘ನಿನ್ನ ಅಹಂಕಾರ ಇನ್ನೂ ಹೋಗಿಲ್ಲ’ ಎಂಬ ಉತ್ತರ ಬಂತೆಂದರೆ, ಅಲ್ಲಿ ಮನನದ ಮೆಟ್ಟಿಲನ್ನು ಕಿತ್ತುಹಾಕಲಾಗಿದೆ ಎಂದೇ ಅರ್ಥ. ಎಂಥ ದೂರನ್ನಾದರೂ ಮುಚ್ಚಿಹಾಕಲು ಆ ಒಂದು ಉತ್ತರ ಸಾಕಾಗುತ್ತದೆ.

ಪ್ರಶ್ನೆಗೆ ಧಾರವಾಡ ತೆತ್ತ ಬೆಲೆ ದೊಡ್ಡದು. ಎಂ.ಎಂ. ಕಲಬುರ್ಗಿಯವರು ಕೇಳಿದ್ದು ಆತ್ಮದ ಪ್ರಶ್ನೆಯಲ್ಲ, ಶರಣರ ಚರಿತ್ರೆಯ ಪ್ರಶ್ನೆ. ಅದಕ್ಕೇ 1989ರಲ್ಲಿ ಒತ್ತಡಕ್ಕೆ ಸಿಲುಕಿ ತಮ್ಮ ಬರಹದ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಅವರು ಬೌದ್ಧಿಕ ಆತ್ಮಹತ್ಯೆ ಎಂದು ಕರೆದರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಅವರು ಪ್ರಧಾನ ಸಂಪಾದಕರಾಗಿ ಹೊರತಂದ ‘ಸಮಗ್ರ ವಚನ ಸಂಪುಟ’ದ ಹದಿನೈದು ಸಂಪುಟಗಳಲ್ಲಿ ಐದನೆಯದು ಶಿವಶರಣೆಯರದು. ಮುಕ್ತಾಯಕ್ಕ ಅಲ್ಲಮನಿಗೆ ಹಾಕಿದ ಪ್ರಶ್ನೆಗಳನ್ನು ಅದರಲ್ಲಿ ಓದಬಹುದು.