ಬರಡು ನೆಲಕ್ಕೆ ಬಂದ ಬೆಲೆ

ಬಾಲಿ ದ್ವೀಪದ ದಕ್ಷಿಣದ ತುದಿಯಲ್ಲಿ ನೂಸಾ ದುವಾ ಎಂಬ ಪ್ರದೇಶವಿದೆ. ‘ಎರಡು ದ್ವೀಪಗಳು’ ಎಂದು ಆ ಹೆಸರಿನ ಅರ್ಥ. ‘ದುವಾ’ ಎಂಬುದು ಕಿವಿಗೆ ಸಂಸ್ಕೃತದ ‘ದ್ವಿ’ಯ ನೆಂಟನಂತೆ ಕೇಳಿಸಿದರೂ ಭಾಷಾಶಾಸ್ತ್ರಜ್ಞರು ಆ ನಂಟನ್ನು ಒಪ್ಪರು. ಬಿಳಿಯ ಮರಳು, ಸಾಲುಸಾಲಾದ ಭವ್ಯ ಹೋಟೆಲುಗಳು, ಸಭಾಮಂದಿರಗಳು, ಇವು ಅದರ ಇಂದಿನ ವೈಭವ. ೨೦೦೭ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನೆರೆದದ್ದು ಅಲ್ಲಿ. ೨೦೨೨ರ ನವೆಂಬರಿನಲ್ಲಿ ಜಿ-೨೦ ರಾಷ್ಟ್ರಗಳ ಮುಖಂಡರು ಕೂಡಿದ್ದೂ ಅಲ್ಲಿಯೇ.

ಇಷ್ಟಕ್ಕೂ ಆ ನೆಲವನ್ನೇ ಆರಿಸಿದ್ದೇಕೆ? ಅದು ಫಲವತ್ತಾಗಿರಲಿಲ್ಲವೆಂದು! ಪ್ರವಾಸಿಗಳ ದಂಡು ಬತ್ತದ ಗದ್ದೆಗಳಿಗೂ ಹಳ್ಳಿಗಳಿಗೂ ನುಗ್ಗದಿರಲು ಸುಣ್ಣಕಲ್ಲಿನ ಆ ಒಣನೆಲವೇ ಲೇಸೆಂದು ೧೯೭೦ರ ದಶಕದ ಯೋಜಕರು ಬಗೆದರು.

ಚಳ್ಳಕೆರೆಯ ಹಣೆಯಲ್ಲಿಯೂ ಇಂತಹುದೇ ಬರಹವಿತ್ತು. ಅಲ್ಲಿ ಕಡಲೆಲ್ಲಿ ಬಂತು! ಕೆರೆಗೆ ನೀರು ಬಂದರೇ ಹಬ್ಬ. ಆದರೆ ವಿಶಾಲವಾದ ಕಾವಲುಗಳಿದ್ದುವು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು, ಸೈನ್ಯದ ಫಿರಂಗಿಗಳನ್ನೆಳೆದ ಆ ಗಟ್ಟಿಮುಟ್ಟಾದ ತಳಿಗೆಂದು, ಮೀಸಲಾದ ಹುಲ್ಲುಗಾವಲುಗಳವು. ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ಅವು ವಿಜ್ಞಾನಕ್ಕೆ ಹಂಚಿಕೆಯಾದುವು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ೧,೫೦೦ ಎಕರೆ. ರಕ್ಷಣಾ ಸಂಶೋಧನಾ ಸಂಸ್ಥೆಗೆ ೪,೦೦೦ ಎಕರೆಗೂ ಮಿಗಿಲು. ಪರಮಾಣು ಸಂಶೋಧನೆಯವರೂ ಬಾಹ್ಯಾಕಾಶದವರೂ ತಮ್ಮ ಪಾಲು ಪಡೆದರು.

ಫಲವೂ ಸಾಮಾನ್ಯವಾದುದಲ್ಲ. ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೈಮೇಲಿನ ಕುಳಿಗಳಂತಹ ಹಳ್ಳಗಳನ್ನು ತೋಡಿ, ಅವುಗಳ ಮೇಲೆ ವಿಮಾನ ಹಾರಿಸಿ, ಚಂದ್ರಯಾನದ ನೌಕೆಯ ಕಣ್ಣುಗಳನ್ನು ಪರೀಕ್ಷಿಸಿದರು. ೨೦೨೩ರ ಏಪ್ರಿಲ್ ೨ರ ಬೆಳಗ್ಗೆ ಹೆಲಿಕಾಪ್ಟರೊಂದು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ರೆಕ್ಕೆಯ ಬಾಹ್ಯಾಕಾಶ ವಾಹನವೊಂದು, ಚಾಲಕನಿಲ್ಲದೆ, ಇಲ್ಲಿಯ ಓಡುದಾರಿಯ ಮೇಲೆ ತಾನಾಗಿ ಬಂದಿಳಿಯಿತು. ೨೦೨೪ರಲ್ಲಿ ಮತ್ತೆರಡು ಸಲ ಈ ಪ್ರಯೋಗ ನಡೆದು ಗೆದ್ದಿತು.

ಆದರೆ ‘ಬರಡು’ ಎಂಬ ಮಾತು ಕಡತ ಬರೆಯುವವರ ಲೇಖನಿಗೆ ಬಂದಷ್ಟು ಸುಲಭವಾಗಿ ಕುರಿಗಾರನ ಬಾಯಿಗೆ ಬಾರದು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕರಿಯ ಕುರಿ ಮೇಯುವುದು ಇಂತಹ ಹುಲ್ಲನ್ನೇ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದೂ ಇಲ್ಲ. ಕಿಲಾರಿಗಳು ಅವುಗಳ ಬೆನ್ನ ಹಿಂದೆ ಅಲೆಯುತ್ತಾರೆ. ಕಟ್ಟಿ ಮೇಯಿಸುವ ದನಗಳಲ್ಲ ಇವು. ಬಯಲಿದ್ದರೆ ಮಾತ್ರ ಬದುಕು.

ಇತಿಹಾಸವಾದರೂ ಈ ಸೀಮೆಯನ್ನು ಬರಡೆಂದು ಎಣಿಸಲಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ, ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಅಶೋಕನ ಆಜ್ಞೆ ಇಂದಿಗೂ ಇದೆ. ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಹೊರನಾಡಿನ ವಿದ್ಯೆ ಈ ನೆಲಕ್ಕೆ ಬಂದದ್ದು ಇದೇ ಮೊದಲಲ್ಲವೆಂದಾಯಿತು!

ಕಾವಲುಗಳ ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ೨೦೧೪ರಲ್ಲಿ ತೀರ್ಪು ಬಂದ ಮೇಲೂ ಯೋಜನೆಗಳು ನಿಲ್ಲಲಿಲ್ಲ; ೨೦೧೭ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಬಾಲಿಯ ಯೋಜಕರು ಗದ್ದೆಯನ್ನು ಉಳಿಸಲೆಂದು ಒಣನೆಲವನ್ನು ಆರಿಸಿದರು. ಚಳ್ಳಕೆರೆಯಲ್ಲಿ ಆ ಒಣನೆಲವೇ ಹಟ್ಟಿಗಳವರ ಗದ್ದೆ. ಗೋಡೆ ಎದ್ದ ಮೇಲೆ ಕುರಿಯ ಹಿಂಡುಗಳು ಹುಲ್ಲನ್ನರಸಿ ಅದನ್ನು ಬಳಸಿಕೊಂಡು ನಡೆಯಬೇಕಾಗಿದೆ.