ಗಣಕಯಂತ್ರವೂ ತಣ್ಣೀರೂ

ನೀರಿಗೂ ವಿದ್ಯುತ್ತಿಗೂ ಹುಟ್ಟಿನಿಂದಲೇ ಹಗೆಯೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿಸುತ್ತೇವೆ. ಒದ್ದೆ ಕೈಯಿಂದ ಗುಂಡಿಯನ್ನು ಮುಟ್ಟಬೇಡ, ಇರಚಲು ಬೀಳುವಲ್ಲಿ ತಂತಿಯನ್ನು ಎಳೆಯಬೇಡ ಎಂದು ಗದರಿಸದ ಹಿರಿಯರು ನಮ್ಮ ಕರಾವಳಿಯಲ್ಲಿ ಇರಲಾರರು. ಹೀಗಿರುವಲ್ಲಿ, ಬಹು ಬೆಲೆಯ ಗಣಕಯಂತ್ರವೊಂದರ ಒಡಲೊಳಗೆ ನಾವೇ ಕೈಯಾರ ನೀರನ್ನು ಹರಿಯಿಸಿದೆವೆಂದರೆ ವಾಚಕರು ನಮ್ಮ ಬುದ್ಧಿಯ ವಿಷಯದಲ್ಲಿ ಸಂದೇಹಪಟ್ಟರೂ ತಪ್ಪಿಲ್ಲ. ಆದರೆ ಸಂಗತಿಯು ನಿಜ. ಕಳೆದ ವೈಶಾಖದಲ್ಲಿ ಅಂಕೋಲೆಯ ನಮ್ಮ ಅಕ್ಕನ ಮನೆಯ ಪಡಸಾಲೆಯಲ್ಲಿ ಈ ಕಾರ್ಯವು ನಡೆಯಿತು. ಅದರಿಂದ ನಾವು ಕಲಿತುದು ಗೃಹಸ್ಥರಾದ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಸೋದರಳಿಯನು ಗಣಕಯಂತ್ರದಲ್ಲಿ ಚಿತ್ರಗಳನ್ನು ರಚಿಸಿ ಅವುಗಳಿಗೆ ಚಲನೆಯನ್ನು ಕೊಡುವ ಕಸುಬಿನವನು. ಹಲವು ವರ್ಷ ಬೆಂಗಳೂರಿನಲ್ಲಿದ್ದು, ತಾಯಿಯು ಊರಲ್ಲಿ ಒಬ್ಬಳೇ ಆದ ಮೇಲೆ, ಮನೆಯಿಂದಲೇ ಕೆಲಸಮಾಡುವ ಒಪ್ಪಿಗೆಯನ್ನು ಪಡೆದು ಅಂಕೋಲೆಗೆ ಮರಳಿದನು. ಅವನ ಕೆಲಸದಲ್ಲಿ ಒಂದೊಂದು ಚಿತ್ರವನ್ನು ಸಿದ್ಧಪಡಿಸಲು ಯಂತ್ರಕ್ಕೆ ಹಲವು ನಿಮಿಷಗಳು ಬೇಕು. ಒಂದು ಸೆಕೆಂಡಿನ ಚಲನೆಗೆ ಅಂಥ 24 ಚಿತ್ರಗಳು ಬೇಕು. ಆದುದರಿಂದ ಯಂತ್ರವು ರಾತ್ರಿಯೆಲ್ಲ ದುಡಿಯಬೇಕಾಗುತ್ತಿತ್ತು. ಮಾಘ ಫಾಲ್ಗುಣಗಳಲ್ಲಿ ಸಾಗಿದ ಕೆಲಸವು ಸೆಕೆ ಬಲಿತಂತೆ ಕುಂಟತೊಡಗಿತು. ಯಂತ್ರವು ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದು. ಕೆಲವೊಮ್ಮೆ ನಡುರಾತ್ರಿ ನಿಂತೇ ಬಿಡುವುದು. ಓಡುತ್ತಿರುವಾಗ ಅದರ ಫ್ಯಾನುಗಳ ಅಬ್ಬರಕ್ಕೆ ಪಕ್ಕದ ಕೋಣೆಯಲ್ಲಿ ಅಕ್ಕನಿಗೆ ನಿದ್ದೆಯಿಲ್ಲ. ನಿಂತರೆ ಮಗನಿಗೆ ನಿದ್ದೆಯಿಲ್ಲ. ಹೇಳಿದ ದಿನಕ್ಕೆ ಕೆಲಸವು ಎರಡು ಸಲ ತಪ್ಪಿತು. ಮೂರನೆಯ ಸಲವೂ ತಪ್ಪಿದರೆ ಮತ್ತೆ ಬೆಂಗಳೂರಿಗೇ ಹೋಗಬೇಕಾದೀತೆಂದು ಅವನು ನಮಗೆ ಮಾತ್ರ ತಿಳಿಸಿದನು. ಹಳೆಯ ಯಂತ್ರದ ಬಿಡಿಭಾಗಗಳನ್ನು ಹೊಸ ಪೆಟ್ಟಿಗೆಗೆ ಇಳಿಸಿ, ಗಾಳಿಯ ಬದಲು ನೀರಿನಿಂದ ತಣಿಸುವ ಯೋಚನೆಯು ಹುಟ್ಟಿದ್ದು ಈ ಸಂಕಟದಿಂದ.

ಗಣಕಯಂತ್ರವು ಕಾಯುವುದೇಕೆ? ಅದು ಹೀರುವ ವಿದ್ಯುತ್ತೆಲ್ಲವೂ ಕಡೆಗೆ ತಾಪವೇ ಆಗುತ್ತದೆ. ಲೆಕ್ಕವನ್ನು ನಡೆಯಿಸುವ ಪ್ರೊಸೆಸರ್ ಎಂಬ ಬಿಲ್ಲೆಯು ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲ. ನಮ್ಮ ಯಂತ್ರದಲ್ಲಿ ಅದು 120 ವಾಟಿನಷ್ಟು ತಾಪವನ್ನೂ, ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡು 300 ವಾಟಿನಷ್ಟನ್ನೂ ಉಗುಳುತ್ತವೆ. ಇದನ್ನು ತೆಗೆದೊಯ್ಯಲು ಸಾಮಾನ್ಯವಾಗಿ ಲೋಹದ ತೆಳುರೆಕ್ಕೆಗಳನ್ನಿಟ್ಟು ಫ್ಯಾನಿನಿಂದ ಗಾಳಿ ಊದುತ್ತಾರೆ. ಆದರೆ ಗಾಳಿಯು ಬಡ ಹಮಾಲಿ. ಹೆಚ್ಚು ಹೊರೆಯನ್ನು ಹೊರಲಾರದು. ಒಂದು ಲೀಟರು ನೀರು ಒಂದು ಡಿಗ್ರಿಯಷ್ಟು ಬಿಸಿಯಾಗುವುದರೊಳಗೆ ಹೊರುವ ತಾಪವನ್ನು ಗಾಳಿಯಿಂದ ಹೊರಿಸಬೇಕಾದರೆ ಸುಮಾರು 3,500 ಲೀಟರು ಗಾಳಿ ಬೇಕು. ಕಾಯಿಸಿದ ಹಾಲನ್ನು ಬೇಗ ತಣಿಸಬೇಕಾದಾಗ ನಮ್ಮ ಹೆಂಗಸರು ಬೀಸಣಿಗೆಯನ್ನು ಹುಡುಕುವುದಿಲ್ಲ. ಪಾತ್ರೆಯನ್ನು ತಣ್ಣೀರಿನ ತಾಟಿನಲ್ಲಿಡುತ್ತಾರೆ. ನೀರು ಹಾಲಿಗೆ ಸೇರುವುದಿಲ್ಲ, ಆದರೂ ಹಾಲು ತಣಿಯುತ್ತದೆ. ಈ ವಿದ್ಯೆಯ ಮರ್ಮವೆಲ್ಲವೂ ಇಷ್ಟೇ.

ನಾವು ಎಳವೆಯಲ್ಲಿ ಓದಿದ ತರ್ಕಶಾಸ್ತ್ರದಲ್ಲಿ ಸ್ಪರ್ಶವು ಮೂರು ವಿಧ: ನೀರಿನದು ಶೀತ, ತೇಜಸ್ಸಿನದು ಉಷ್ಣ, ಗಾಳಿಯದು ಎರಡೂ ಅಲ್ಲದುದು. ಹಾಗಾದರೆ ಬಿಸಿನೀರಿನ ಗತಿಯೇನೆಂದು ಕೇಳಿದರೆ, ಆ ಬಿಸಿಯು ನೀರಿನದಲ್ಲ, ತೇಜಸ್ಸಿನ ಸಂಯೋಗದಿಂದ ಬಂದುದು ಎಂದು ನೈಯಾಯಿಕರು ಹೇಳುತ್ತಾರೆ. ಇಂದಿನ ಭೌತಶಾಸ್ತ್ರವು ಬೇರೆ ಭಾಷೆಯನ್ನಾಡುತ್ತದೆಂಬುದನ್ನು ಬಲ್ಲೆವು. ಆದರೂ ಈ ಕೆಲಸದಲ್ಲಿ ಆ ಹಳೆಯ ಮಾತು ನಮಗೆ ದಾರಿ ತೋರಿತು. ನೀರು ಯಂತ್ರದ ತಾಪವನ್ನು ನಾಶಮಾಡುವುದಿಲ್ಲ. ಪರರ ಹೊರೆಯನ್ನು ಹೊತ್ತು, ಇಳಿಸಬೇಕಾದಲ್ಲಿ ಇಳಿಸಿ, ಬರಿಗೈಯಲ್ಲಿ ಮರಳುತ್ತದೆ. ಇಳಿಸುವ ಸ್ಥಳವು ಸರಿಯಿಲ್ಲದಿದ್ದರೆ ಎಷ್ಟು ನೀರಿದ್ದರೂ ವ್ಯರ್ಥವೇ.

ಇದರ ಮಹಾರೂಪವನ್ನು ನೋಡಬೇಕಾದವರು ನಮ್ಮ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಲ್ಲ. ಕಾರವಾರ ತಾಲೂಕಿನಲ್ಲಿ ಕಾಳಿ ನದಿಯ ದಂಡೆಯ ಮೇಲೆ ಕೈಗಾ ಅಣುವಿದ್ಯುತ್ ಕೇಂದ್ರವಿದೆ. ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅಣು ಇಂಧನದ ತಾಪವನ್ನು ಭಾರಜಲವು ಹೊತ್ತು ತರುತ್ತದೆ. ಅದು ತನ್ನ ಕೊಳವೆಗಳೊಳಗೇ ಇದ್ದು ಹೊರಗಣ ಸಾಧಾರಣ ನೀರಿಗೆ ತಾಪವನ್ನೊಪ್ಪಿಸಿ ಆವಿಯಾಗಿಸುತ್ತದೆ. ಚಕ್ರವನ್ನು ತಿರುಗಿಸಿದ ಆವಿಯನ್ನು ಕದ್ರಾ ಜಲಾಶಯದ ನೀರು ತಣಿಸುತ್ತದೆ. ಒಂದರ ತಾಪ ಮತ್ತೊಂದಕ್ಕೆ ಹೋದರೂ ಒಂದರ ಹನಿ ಮತ್ತೊಂದರಲ್ಲಿ ಬೆರೆಯದಂತೆ ಕಾಯುವುದೇ ಅಲ್ಲಿಯ ಕಟ್ಟಳೆ. ಕೈಗಾದ ಮೊದಲನೆಯ ಘಟಕವು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರ ವರೆಗೆ 962 ದಿನ ಎಡೆಬಿಡದೆ ನಡೆದು ಅಂದಿಗೆ ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ಅಷ್ಟು ದಿನವೂ ನೀರು ತನ್ನ ಹೊರೆಯನ್ನು ತಪ್ಪದೆ ಹೊತ್ತಿತೆಂದೇ ಇದರ ಅರ್ಥ.

ಗಣಕಯಂತ್ರಕ್ಕೂ ನೀರು ಹೊಸದಲ್ಲ. 1960ರ ದಶಕದಲ್ಲಿಯೇ ಅಮೆರಿಕೆಯ ಐ.ಬಿ.ಎಂ. ಸಂಸ್ಥೆಯು ತನ್ನ ಹಿರಿಯ ಯಂತ್ರಗಳಿಗೆ ನೀರಿನ ತಣಿವನ್ನು ಒದಗಿಸಿತ್ತು. 1985ರ ಕ್ರೇ-2 ಎಂಬ ಮಹಾಗಣಕದಲ್ಲಿಯಂತೂ ವಿದ್ಯುತ್ತನ್ನು ಹರಿಯಗೊಡದ ವಿಶೇಷ ದ್ರವದಲ್ಲಿ ಬಿಡಿಭಾಗಗಳನ್ನೇ ಮುಳುಗಿಸಿಟ್ಟಿದ್ದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಗೊಂಡ, ಸೆಕೆಂಡಿಗೆ 3.3 ಪೆಟಾಫ್ಲಾಪ್ ಎಂದರೆ 33 ಕೋಟಿ ಕೋಟಿಯಷ್ಟು ಎಣಿಕೆಯ ಶಕ್ತಿಯುಳ್ಳ ‘ಪರಮ್ ಪ್ರವೇಗ’ವೂ ದ್ರವದಿಂದಲೇ ತಣಿಯುತ್ತದೆ. ಮಹಾಗಣಕಗಳಿಗೆ ಪರಿಣತರ ಪರಿವಾರವಿದೆ. ನಮ್ಮಲ್ಲಿ ಇದ್ದವರು ಒಬ್ಬ ಚಿತ್ರಗಾರನೂ ಒಬ್ಬ ನಿವೃತ್ತ ಶಾಲಾಮಾಸ್ತರನೂ ಮಾತ್ರ.

ಸಾಮಾನುಗಳು ಹೊರಗಿನಿಂದ ಒಂದೊಂದಾಗಿ ಬಂದವು. ಪ್ರೊಸೆಸರಿನ ಮೇಲೂ ಗ್ರಾಫಿಕ್ಸ್ ಕಾರ್ಡಿನ ಮೇಲೂ ಕೂರುವ ತಾಮ್ರದ ಎರಡು ಟೊಳ್ಳು ಬಿಲ್ಲೆಗಳು. ಅವುಗಳೊಳಗೆ ಕೂದಲೆಳೆಯಂಥ ಗೆರೆಗಳನ್ನು ಕೊರೆದಿದ್ದಾರೆ, ನೀರು ಅವುಗಳ ನಡುವೆ ಹರಿದು ತಾಪವನ್ನು ಎತ್ತಿಕೊಳ್ಳುತ್ತದೆ. ನೀರನ್ನು ದಬ್ಬಲು 12 ವೋಲ್ಟಿನ ಸಣ್ಣ ಪಂಪು, ನೀರು ತುಂಬುವ ಗಾಜಿನಂಥ ಕುಂಡ, ಮೋಟಾರಿನಲ್ಲಿರುವಂಥ ರೇಡಿಯೇಟರುಗಳೆರಡು, ಮೆದುಕೊಳವೆ, ರಬ್ಬರಿನ ಬಳೆಗಳುಳ್ಳ ಕೀಲುಗಳು ಹನ್ನೆರಡು. ಕೊಳ್ಳುವಾಗ ನಾವು ಒಂದು ನಿಯಮವನ್ನು ಬಿಡಲಿಲ್ಲ: ತಾಮ್ರ ಮತ್ತು ಹಿತ್ತಾಳೆಯಿರುವ ಕಡೆ ಅಲ್ಯುಮಿನಿಯಮ್ ಸೇರಕೂಡದು. ಒಂದೇ ನೀರಿನಲ್ಲಿ ಈ ಎರಡು ಜಾತಿಯ ಲೋಹಗಳು ಕೂಡಿದರೆ ಅದೊಂದು ಸಣ್ಣ ಬ್ಯಾಟರಿಯೇ ಆಗಿ, ಅಲ್ಯುಮಿನಿಯಮ್ ದಿನೇ ದಿನೇ ತಿಂದುಹೋಗುತ್ತದೆ. ಹಾಗೆಯೇ ಬಾವಿಯ ನೀರು, ನಲ್ಲಿಯ ನೀರು ಸಲ್ಲದು. ಅದರ ಲವಣಗಳು ಆ ಸಣ್ಣ ಗೆರೆಗಳಲ್ಲಿ ಹಂಡೆಯ ಪಾಚುಗಲ್ಲಿನಂತೆ ಕಟ್ಟಿಕೊಳ್ಳುತ್ತವೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹವನ್ನು ನಡೆಯಿಸಿದ ಊರಲ್ಲಿ ಉಪ್ಪಿನ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಯಂತ್ರಕ್ಕೆ ಅದು ಶತ್ರು. ಸುಮಾರು 35 ಕಿಲೋಮೀಟರು ದೂರದ ಕಾರವಾರಕ್ಕೆ ಹೋಗಿ ಬಟ್ಟಿಯಿಳಿಸಿದ ನೀರನ್ನು ತಂದು, ಪಾಚಿ ಮತ್ತು ಕಿಲುಬು ಹಿಡಿಯದಂತೆ ಮಾಡುವ ಔಷಧಿಯನ್ನು ಅಳತೆಯಂತೆ ಬೆರೆಸಿದೆವು.

ಜೋಡಿಸುವಾಗ ಅಳಿಯನಿಗೆ ಒಂದು ಶಂಕೆ ಬಂದಿತು. “ಮಾವಾ, ಪ್ರೊಸೆಸರಿನಲ್ಲಿ ಕಾದ ನೀರೇ ಗ್ರಾಫಿಕ್ಸ್ ಕಾರ್ಡಿಗೆ ಹೋದರೆ ಅದು ಸುಟ್ಟೇ ಹೋದೀತಲ್ಲ?” ಎಂದನು. ನಾವು ಕಾಗದ ಹಿಡಿದು ಕೂತೆವು. ಪಂಪು ನಿಮಿಷಕ್ಕೆ 3 ಲೀಟರು ದಬ್ಬಿದರೆ ಸೆಕೆಂಡಿಗೆ 50 ಗ್ರಾಮು ನೀರಾಯಿತು. ಒಂದು ಗ್ರಾಮು ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಜೂಲ್ ಬೇಕು. 50 ಗ್ರಾಮಿಗೆ 210. ಎರಡೂ ಭಾಗಗಳ ತಾಪ ಕೂಡಿ ಸೆಕೆಂಡಿಗೆ 420 ಜೂಲ್. ಎಂದರೆ ನೀರು ಇಡೀ ಪ್ರದಕ್ಷಿಣೆಯಲ್ಲಿ ಬಿಸಿಯಾಗುವುದು ಎರಡೇ ಡಿಗ್ರಿ! ಯಾವುದು ಮೊದಲು, ಯಾವುದು ನಂತರವೆಂಬ ಚಿಂತೆಗೆ ಕಾರಣವೇ ಇಲ್ಲ. ಪಂಪು ಮಾತ್ರ ಕುಂಡದ ಕೆಳಗಿರಬೇಕು. ನೀರಿಲ್ಲದೆ ಒಣಗಿ ತಿರುಗಿದರೆ ಅದು ಕ್ಷಣದಲ್ಲಿ ಕೆಡುತ್ತದೆ.

ಸಂಜೆಯ ದೀಪ ಹಚ್ಚುವ ಹೊತ್ತಿಗೆ ಜೋಡಣೆಯು ಮುಗಿಯಿತು. ಯಂತ್ರದ ಬೇರಾವ ಭಾಗಕ್ಕೂ ವಿದ್ಯುತ್ತನ್ನು ಕೊಡದೆ, ಪಂಪೊಂದನ್ನೇ ಪ್ರತ್ಯೇಕವಾಗಿ ನಡೆಯಿಸಿ, ಪ್ರತಿಯೊಂದು ಕೀಲಿನ ಕೆಳಗೂ ತೆಳು ಕಾಗದವನ್ನು ಹಾಸಿದೆವು. ಪೆಟ್ಟಿಗೆಯನ್ನು ಅತ್ತಿತ್ತ ವಾಲಿಸಿದಂತೆ ಗಾಳಿಯ ಗುಳ್ಳೆಗಳು ಮೇಲೆದ್ದು ಕುಂಡವನ್ನು ಸೇರಿದವು. ಎರಡು ತಾಸು ಕಳೆದರೂ ಕಾಗದವೆಲ್ಲ ಒಣಗಿಯೇ ಇದ್ದಿತು. ಮೂರನೆಯ ಗಡುವಿಗೆ ನಾಲ್ಕೇ ದಿನ ಉಳಿದಿದ್ದುದರಿಂದ ಅಳಿಯನು ಆ ರಾತ್ರಿಯೇ ಯಂತ್ರವನ್ನು ಹೂಡಬೇಕೆಂದನು. ನಾವೂ ಹೂಂ ಎನ್ನುವುದರಲ್ಲಿದ್ದೆವು. ಆಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕನು, “ಹೊಸ ಕೊಡವನ್ನು ತಂದರೂ ಒಂದು ರಾತ್ರಿ ನೀರು ತುಂಬಿಟ್ಟು ನೋಡುತ್ತೇವಪ್ಪ, ಇದಕ್ಕೇನು ಅಂಥ ಅವಸರ?” ಎಂದಳು. ಆ ಮಾತಿಗೆ ಉತ್ತರವಿರಲಿಲ್ಲ. ಪಂಪನ್ನು ಹಾಗೆಯೇ ಬಿಟ್ಟು ಮಲಗಿದೆವು.

ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ದೀಪ ಹಿಡಿದು ನೋಡಿದರೆ, ಗ್ರಾಫಿಕ್ಸ್ ಕಾರ್ಡಿನ ಕೀಲಿನ ಕೆಳಗಣ ಕಾಗದವು ಒಂದು ರೂಪಾಯಿ ನಾಣ್ಯದಷ್ಟು ಅಗಲ ನೆನೆದಿತ್ತು! ಅದರ ಕೆಳಗೇ ಮದರ್‌ಬೋರ್ಡು. ಬಟ್ಟಿಯಿಳಿಸಿದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದೆಂಬುದು ನಿಜವಾದರೂ, ಔಷಧಿ ಬೆರೆತು, ಧೂಳನ್ನೂ ನಮ್ಮ ಕಡಲಗಾಳಿಯ ಉಪ್ಪನ್ನೂ ಮುಟ್ಟಿದೊಡನೆ ಆ ಗುಣವು ಹೋಗುತ್ತದೆ. ರಾತ್ರಿಯೇ ವಿದ್ಯುತ್ತನ್ನು ಕೊಟ್ಟಿದ್ದರೆ ಅಳಿಯನ ಎರಡು ವರ್ಷದ ಉಳಿತಾಯವು ಹೊತ್ತಿ ಹೋಗುತ್ತಿತ್ತು. ನೀರನ್ನಿಳಿಸಿ ಕೀಲನ್ನು ಬಿಚ್ಚಿದಾಗ, ರಬ್ಬರಿನ ಬಳೆಯು ತನ್ನ ಗಾಡಿಯಿಂದ ಜಾರಿ ಮರೆಯೊಳಗೆ ಸಿಕ್ಕಿ ಕತ್ತರಿಸಿದ್ದು ಕಂಡಿತು. ತಪ್ಪು ಸಾಮಾನಿನದಲ್ಲ. ಗಟ್ಟಿಯಾಗಿರಲೆಂದು ಇಕ್ಕಳ ಹಿಡಿದು ಆ ಕೀಲನ್ನು ಬಿಗಿದವರು ನಾವೇ. ಕೈಬೆರಳಿನ ಬಿಗಿತವೇ ಸಾಕೆಂದು ಅಳಿಯನು ಹೇಳಿದ್ದನ್ನು ಹಿರಿತನದ ಹಮ್ಮಿನಿಂದ ಕೇಳಿರಲಿಲ್ಲ. ಇದನ್ನು ಅವನೆದುರಿಗೂ ಅಕ್ಕನೆದುರಿಗೂ ಒಪ್ಪಿಕೊಂಡೆವು. ಹೊಸ ಬಳೆಯನ್ನಿಟ್ಟು ಮತ್ತೆ ಪೂರ್ಣ 24 ತಾಸು ಪರೀಕ್ಷಿಸಿದ ಮೇಲೆಯೇ ಯಂತ್ರಕ್ಕೆ ಜೀವ ಕೊಟ್ಟದ್ದು.

ಫಲವೇನೆಂದರೆ, ಕೋಣೆಯ ಗಾಳಿ 33 ಡಿಗ್ರಿಯಿದ್ದ ದಿನ ನೀರು 43 ಡಿಗ್ರಿಗೆ ಬಂದು ನಿಂತಿತು. ಮೊದಲು 84ಕ್ಕೆ ಏರುತ್ತಿದ್ದ ಗ್ರಾಫಿಕ್ಸ್ ಕಾರ್ಡು 60ರ ಆಸುಪಾಸಿನಲ್ಲಿಯೇ ಇತ್ತು. ರೇಡಿಯೇಟರು ಅಗಲವಾಗಿರುವುದರಿಂದ ಫ್ಯಾನುಗಳು ಮೆಲ್ಲನೆ ತಿರುಗಿದರೂ ಸಾಕಾಗುತ್ತದೆ. ಮಳೆಗಾಲದಲ್ಲಿ ತಣ್ಣನೆಯ ತಂಬಿಗೆ ಬೆವರುವಂತೆ ಈ ಕೊಳವೆಗಳೂ ಬೆವರಲಾರವೇ ಎಂದು ಕೇಳುವವರಿಗೆ ಉತ್ತರವಿಷ್ಟು: ಈ ನೀರು ಎಂದಿಗೂ ಕೋಣೆಯ ಗಾಳಿಗಿಂತ ತಣ್ಣಗಾಗದು, ಆದುದರಿಂದ ಬೆವರುವ ಮಾತೇ ಇಲ್ಲ. ಪಂಪು ಕೆಟ್ಟು ನಿಂತರೆ ಪ್ರೊಸೆಸರು ಕಾದು, ಅಪಾಯಕ್ಕೆ ಮುಂಚೆ ತಾನೇ ಯಂತ್ರವನ್ನು ನಿಲ್ಲಿಸುವ ವ್ಯವಸ್ಥೆಯಿದೆ.

ಆದರೆ ಇದನ್ನು ಎಲ್ಲರೂ ಮಾಡಬೇಕೆಂದು ನಾವು ಹೇಳುವುದಿಲ್ಲ. ಪತ್ರ ಬರೆಯಲು, ಲೆಕ್ಕವಿಡಲು, ಮಕ್ಕಳ ಪಾಠಕ್ಕೆ ಗಣಕಯಂತ್ರವನ್ನಿಟ್ಟವರಿಗೆ ಸಾಧಾರಣ ಫ್ಯಾನೇ ಸಾಕು. ನಾಲ್ಕೈದು ಸಾವಿರ ರೂಪಾಯಿಗೆ ಪ್ರೊಸೆಸರಿನ ಮೇಲಿಡುವ ಒಳ್ಳೆಯ ಫ್ಯಾನು ದೊರೆಯುವಲ್ಲಿ, ನಮ್ಮ ನೀರಿನ ಸಾಮಾನಿಗೆ ಸುಮಾರು ಐವತ್ತು ಸಾವಿರ ತಗುಲಿತು. ವರ್ಷಕ್ಕೊಮ್ಮೆ ನೀರನ್ನು ಬದಲಿಸಬೇಕು. ಕಡಲಗಾಳಿಯ ಊರಲ್ಲಿ ತಿಂಗಳಿಗೊಮ್ಮೆ ರೇಡಿಯೇಟರಿನ ಧೂಳನ್ನು ತೆಗೆಯಬೇಕು. ರಾತ್ರಿಯಿಡೀ ಭಾರವಾದ ಕೆಲಸವನ್ನು ಮಾಡಿಸುವವರಿಗೆ, ತಾಳ್ಮೆಯುಳ್ಳವರಿಗೆ ಮಾತ್ರ ಇದು ತಕ್ಕುದು. ಕೈಹಾಕಿದವರು ಒಂದು ರಾತ್ರಿಯ ಪರೀಕ್ಷೆಯನ್ನು ಎಷ್ಟು ಅವಸರವಿದ್ದರೂ ಬಿಡಬಾರದು.

ಮೂರನೆಯ ಗಡುವಿಗೆ ಒಂದು ದಿನ ಮೊದಲೇ ಕೆಲಸವು ಮುಗಿಯಿತು. ಅಳಿಯನು ಅಂಕೋಲೆಯಲ್ಲಿಯೇ ಉಳಿದಿದ್ದಾನೆ. ಮರುವಾರ ನಾವು ಹೋದಾಗ, ಯಂತ್ರದ ಸದ್ದು ಈಗ ಹೇಗಿದೆಯೆಂದು ಅಕ್ಕನನ್ನು ಕೇಳಿದೆವು. “ಓಡುತ್ತಿದೆಯೋ ಇಲ್ಲವೋ ಎಂದು ನಾನೇ ರಾತ್ರಿ ಎದ್ದು ಹೋಗಿ ನೋಡಿ ಬರುತ್ತೇನೆ” ಎಂದಳು.