ಊರು ಬಿಟ್ಟ ಆಟಗಾರರು

2025ನೆಯ ಇಸವಿ ಎಪ್ರಿಲ್ 13, ರವಿವಾರ. ಮಾಟುಂಗಾದಲ್ಲಿ ನಮ್ಮವರ ಉಪಾಹಾರಗೃಹವೊಂದರಲ್ಲಿ ಬೆಳಗಿನ ಕಾಫಿಗೆಂದು ಕುಳಿತಿದ್ದ ನಮಗೆ, ಇಡ್ಲಿಗಿಂತ ಮೊದಲು ದೊರೆತುದು ಕಾಲ್ಚೆಂಡಾಟದ ಸುದ್ದಿ. ಹಿಂದಿನ ರಾತ್ರಿ ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆದು, ಬೆಂಗಳೂರು ತಂಡವು ಮೋಹನ್ ಬಾಗಾನಿಗೆ 2-1ರಿಂದ ಸೋತಿದ್ದಿತು. ಎದುರಾಳಿಯೇ ತನ್ನ ಬಲೆಗೆ ಚೆಂಡು ಸೇರಿಸಿದ್ದರಿಂದ ಮುನ್ನಡೆ ಪಡೆದಿದ್ದ ತಂಡ. ಆಮೇಲೆ ಪೆನಾಲ್ಟಿಯೊಂದನ್ನು ಕೊಟ್ಟು, ಹೆಚ್ಚುವರಿ ವೇಳೆಯಲ್ಲಿ ಇನ್ನೊಂದು ಗೋಲನ್ನು ಬಿಟ್ಟುಕೊಟ್ಟು ಕೈಚೆಲ್ಲಿತು. 2018, 2023, ಮತ್ತೆ 2025: ಈ ಲೀಗಿನ ಅಂತಿಮ ಪಂದ್ಯಗಳಲ್ಲಿ ಅದಕ್ಕೆ ಇದು ಮೂರನೆಯ ಸೋಲು.

ಪಂದ್ಯಾಟಗಳ ಕಾಲ ಮುಗಿದ ಮರುದಿನದ ಮಾತುಕತೆಗೆ ತನ್ನದೇ ಆದ ಒಂದು ಕ್ರಮವಿದೆ. ಮೊದಲು ರೆಫರಿಗೆ ಬೈಗುಳ. ಅನಂತರ ತರಬೇತುದಾರನ ವಿಚಾರಣೆ. ಕೊನೆಗೆ ಬರುವ ವರುಷ ಯಾರು ಹೋಗುವರು, ಯಾರು ಬರುವರು ಎಂಬ ಜಾತಕ. ಆ ದಿನ ಜಾತಕವು ರಾಹುಲ್ ಭೇಕೆಯವರಲ್ಲಿಗೆ ಬಂದು ನಿಂತಿತು. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಕುಂದಾಪುರದ ಕಡೆಯವನು. "ಅವರು ಮೊದಲೊಮ್ಮೆ ಮುಂಬಯಿ ತಂಡಕ್ಕೆ ಓಡಿಹೋದವರಲ್ಲವೇ ರಾಯರೇ? ಅಂಥವರನ್ನು ನಂಬುವುದು ಹೇಗೆ?" ಎಂದು ಆತ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಗುಮಾಸ್ತರೊಬ್ಬರನ್ನು ಕೇಳಿದನು.

"ಓಡಿಹೋದದ್ದು ಹೇಗಾಯಿತು ತಮ್ಮಾ? ಅವರು ಹುಟ್ಟಿದ್ದೇ ಮುಂಬಯಿಯಲ್ಲಿ. ನೀನು ಕುಂದಾಪುರದಿಂದ ಓಡಿಬಂದವನೇನು?" ಎಂದರು ರಾಯರು. ಹುಡುಗ ನಕ್ಕು ಸಾಂಬಾರು ತರಲು ಹೋದನು.

ನಾವು ನಗಲಿಲ್ಲ, ಏಕೆಂದರೆ 2021ರಲ್ಲಿ ಅದೇ ಮಾತನ್ನು ನಾವೂ ಆಡಿದ್ದೆವು. ವಾಚಕರಲ್ಲಿ ಅನೇಕರಿಗೆ 2019ರ ಮಾರ್ಚ್ 17ರ ರಾತ್ರಿ ನೆನಪಿರಬಹುದು. ಇಲ್ಲಿಯೇ, ಅಂಧೇರಿಯ ಮೈದಾನದಲ್ಲಿ ಬೆಂಗಳೂರಿಗೂ ಗೋವಾಕ್ಕೂ ಅಂತಿಮ ಪಂದ್ಯ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. 117ನೆಯ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ಭೇಕೆ ತಲೆಕೊಟ್ಟರು, ಪ್ರಶಸ್ತಿ ಬೆಂಗಳೂರಿನದಾಯಿತು. ಮುಂಬಯಿಯ ಹುಡುಗನೊಬ್ಬನು ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ ಆಡಿ, 2017ರಲ್ಲಿ ಬೆಂಗಳೂರಿಗೆ ಸೇರಿ, ತನ್ನ ಹುಟ್ಟೂರಿನಲ್ಲಿಯೇ ನಮ್ಮ ರಾಜಧಾನಿಗೆ ಕಪ್ಪು ಗೆದ್ದುಕೊಟ್ಟನು. ಆಗ ಆತ ನಮ್ಮವನು. ಎರಡು ವರುಷಗಳ ಅನಂತರ ಮುಂಬಯಿ ಸಿಟಿ ತಂಡವನ್ನು ಸೇರಿದೊಡನೆ ದ್ರೋಹಿ! ಆ ತಂಡದಲ್ಲಿ ಅವರು ಮಾಡಿದ ಕೆಲಸವೇನು ಸಾಮಾನ್ಯವೇ? 2022ರ ಎಪ್ರಿಲ್ 11ರಂದು ರಿಯಾದಿನಲ್ಲಿ ಇರಾಕಿನ ವಾಯುಸೇನೆಯ ತಂಡವನ್ನು 2-1ರಿಂದ ಸೋಲಿಸಿದ ಗೋಲು ಅವರದು. ಏಷ್ಯಾದ ಚಾಂಪಿಯನ್ಸ್ ಲೀಗಿನಲ್ಲಿ ಭಾರತೀಯ ಕ್ಲಬ್ಬೊಂದಕ್ಕೆ ದೊರೆತ ಮೊದಲನೆಯ ಗೆಲವು ಅದು. 2016ರಲ್ಲಿ ದೋಹಾದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದಲ್ಲಿ ನಮ್ಮ ಬೆಂಗಳೂರನ್ನು 1-0ಯಿಂದ ಸೋಲಿಸಿದ್ದೂ ಇದೇ ಇರಾಕೀ ತಂಡವೇ. ಆ ಸೇಡನ್ನು ತೀರಿಸಿದವರು ನಾವು ಬೈದ ಭೇಕೆ! 2024ರಲ್ಲಿ ನಾಯಕರಾಗಿ ಮುಂಬಯಿಗೆ ಲೀಗಿನ ಕಪ್ಪನ್ನು ದೊರಕಿಸಿ, ಅದೇ ವರುಷ ಅವರು ಬೆಂಗಳೂರಿಗೆ ಮರಳಿದರು.

ಹೊರಗಿನವರು ಬೆಂಗಳೂರಿಗೆ ಬಂದು ಆಡುವುದು ಇತ್ತೀಚಿನ ಮಾತು, ಬೆಂಗಳೂರು ಎಫ್.ಸಿ. ಹುಟ್ಟಿದ್ದೇ 2013ರಲ್ಲಿ. ಅದಕ್ಕೆ ಮುಂಚೆ ಹೊರಗೆ ಹೋಗುತ್ತಿದ್ದವರು ಬೆಂಗಳೂರಿನವರೇ. ಮುಂಬಯಿಯ ರೋವರ್ಸ್ ಕಪ್ಪನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, ಇಸವಿ 1937. ಅಂಥ ಊರಿನ ಆಟಗಾರರ ಮೇಲೆ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಕಣ್ಣು ಬೀಳದಿರುವುದೇ? 1948ರ ಲಂಡನ್ ಒಲಿಂಪಿಕ್ಸಿಗೆ ಹೋಗಿ ಬಂದ ಅಹಮದ್ ಖಾನರು ಮರುವರುಷವೇ ಈಸ್ಟ್ ಬೆಂಗಾಲನ್ನು ಸೇರಿದರು. ಅಲ್ಲಿ ಅವರೊಡನೆ ಬೆಂಗಳೂರಿನವರೇ ಆದ ಧನರಾಜ್, ಆಂಧ್ರದ ಅಪ್ಪಾರಾವ್, ಕೇರಳದ ಸಾಲೆ ಮತ್ತು ವೆಂಕಟೇಶ್ ಇವರು ಮುನ್ಪಡೆಯಲ್ಲಿ ಆಡುತ್ತಿದ್ದರು. ಕಲ್ಕತ್ತೆಯ ಜನ ಈ ಐವರನ್ನು ಪಂಚಪಾಂಡವರೆಂದು ಕರೆದರು. 1949ರಿಂದ 1951ರ ವರೆಗೆ ಸತತವಾಗಿ ಮೂರು ಸಲ ಐ.ಎಫ್.ಎ. ಷೀಲ್ಡು ಆ ಕ್ಲಬ್ಬಿನ ಪಾಲಾಯಿತು. (ಪಾಂಡವರು ಊರು ಬಿಟ್ಟದ್ದು ಜೂಜಿನಲ್ಲಿ ಸೋತು, ಇವರು ಊರು ಬಿಟ್ಟದ್ದು ಹೊಟ್ಟೆಪಾಡಿಗೆ. ಹೆಸರಿಟ್ಟವರು ಅದನ್ನು ಯೋಚಿಸಿರಲಾರರು.) ಮುಂದೆ ಮೆಲ್ಬರ್ನ್ ಮತ್ತು ರೋಮ್ ಒಲಿಂಪಿಕ್ಸಿನ ಭಾರತ ತಂಡಗಳಲ್ಲಿದ್ದ ಕೆಂಪಯ್ಯನವರೂ ಕಲ್ಕತ್ತೆಗೆ ಹೋಗಿ ಮೋಹನ್ ಬಾಗಾನಿಗೆ ಆಡಿದರು. ಬೆಂಗಳೂರಿನಲ್ಲಿ ಯಾರಾದರೂ ಇವರನ್ನು ದ್ರೋಹಿಗಳೆಂದರೇ? ನಾವಂತೂ ಅಂಥ ಮಾತನ್ನು ಕೇಳಿಲ್ಲ.

ಕಲ್ಕತ್ತೆಯಲ್ಲಿ ಆಟಗಾರರು ಹೊಸ ಕ್ಲಬ್ಬಿಗೆ ಸಹಿ ಹಾಕುವ ದಿನಗಳು ಬಂತೆಂದರೆ, ಎದುರು ಪಕ್ಷದವರ ಕೈಗೆ ಸಿಗದಂತೆ ಅವರನ್ನು ಗುಟ್ಟಾದ ಮನೆಗಳಲ್ಲಿ ಬಚ್ಚಿಡುತ್ತಿದ್ದ ಕಥೆಗಳು ಪ್ರಸಿದ್ಧವಾಗಿವೆ. ನಮ್ಮ ಹೋಟೆಲು ಬಂಧುಗಳಿಗೆ ಇದು ಹೊಸದೆನಿಸದು. ಒಳ್ಳೆಯ ದೋಸೆ ಭಟ್ಟರೊಬ್ಬರನ್ನು ಎದುರು ಬೀದಿಯ ಮಾಲೀಕರು ಹೆಚ್ಚು ಸಂಬಳದ ಆಸೆ ತೋರಿಸಿ ಕರೆದೊಯ್ದರೆ, ಬಿಟ್ಟುಹೋದವರ ಮೇಲೆ ಗಿರಾಕಿಗಳು ಕೋಪಿಸಿಕೊಳ್ಳುವುದಿಲ್ಲ. ದೋಸೆಯನ್ನು ಹುಡುಕಿಕೊಂಡು ಎದುರು ಬೀದಿಗೆ ಹೋಗುತ್ತಾರೆ.

ತರಬೇತುದಾರರ ಪಾಡು ಇನ್ನೂ ಕಷ್ಟ. ಹನ್ನೊಂದು ಮಂದಿಯನ್ನು ಒಮ್ಮೆಗೇ ತೆಗೆಯಲಾಗದು. ಆದುದರಿಂದ ಒಬ್ಬರನ್ನು ತೆಗೆಯುವರು. ಬೆಂಗಳೂರಿಗೆ 2019ರ ಕಪ್ಪನ್ನು ತಂದ ಕಾರ್ಲೆಸ್ ಕ್ವಾದ್ರಾತ್ ಸಾಲುಸೋಲುಗಳ ಅನಂತರ 2021ರ ಜನವರಿಯಲ್ಲಿ ಹೊರಟುಹೋದರು. ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ಪನ್ನು ಗೆಲ್ಲಿಸಿ, ಮರುವರುಷ ಲೀಗು ಮತ್ತು ಸೂಪರ್ ಕಪ್ಪು ಎರಡರಲ್ಲಿಯೂ ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದರು. 2023ರ ಡಿಸೆಂಬರಿನಲ್ಲಿ ಅವರಿಗೂ ಬಾಗಿಲು ತೋರಿಸಲಾಯಿತು. ಆ ರವಿವಾರ ನಮ್ಮ ಮೇಜಿನ ಸುತ್ತ ನೆರೆದವರಲ್ಲಿ ಅರ್ಧ ಮಂದಿ ಆಗಿನ ತರಬೇತುದಾರ ಜೆರಾರ್ಡ್ ಸರಗೋಸಾರನ್ನೂ ಅಂದೇ ಬಿಡಿಸಿ ಕಳುಹಿಸಿದರು. ಹತ್ತನೆಯ ಸ್ಥಾನಕ್ಕೆ ಇಳಿದಿದ್ದ ತಂಡವನ್ನು ಒಂದೇ ವರುಷದಲ್ಲಿ ಅಂತಿಮ ಪಂದ್ಯಕ್ಕೆ ತಂದವರು ಅವರೇ ಎಂದು ಗಲ್ಲೆಯಲ್ಲಿದ್ದವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಹಿಂದಿನ ಕಾಲದ ಆಟಗಾರರಲ್ಲಿ ಅನೇಕರು ರೈಲ್ವೆ, ಬ್ಯಾಂಕು, ಎಚ್.ಎ.ಎಲ್., ಐ.ಟಿ.ಐ.ಗಳಂಥ ಸಂಸ್ಥೆಗಳಲ್ಲಿ ನೌಕರರಾಗಿದ್ದರು. ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಇಂದಿನವರದು ಕರಾರಿನ ಬಾಳು. ಅದರ ಅರ್ಥ 2025ರಲ್ಲಿ ತಿಳಿಯಿತು. ರಾಷ್ಟ್ರೀಯ ಕಾಲ್ಚೆಂಡು ಸಂಘಕ್ಕೂ ಲೀಗನ್ನು ಆಗ ನಡೆಸುತ್ತಿದ್ದ ಕಂಪೆನಿಗೂ ಇದ್ದ ಒಪ್ಪಂದವು ಡಿಸೆಂಬರಿನಲ್ಲಿ ಮುಗಿಯುವುದಿದ್ದು, ಮುಂದೇನೆಂಬುದು ಇತ್ಯರ್ಥವಾಗದೆ, ಜುಲಾಯಿಯಲ್ಲಿ ಲೀಗನ್ನೇ ತಡೆಹಿಡಿಯಲಾಯಿತು. ಆಗಸ್ಟ್ ಆರಂಭದಲ್ಲಿ ಬೆಂಗಳೂರು ಕ್ಲಬ್ಬು ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದ ವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು.

ಆ ವಾರ ನಾವು ಮತ್ತೆ ಮಾಟುಂಗಾಕ್ಕೆ ಹೋಗಿದ್ದೆವು. ರಾಯರೂ ಇದ್ದರು. ಕುಂದಾಪುರದ ಹುಡುಗ ಕಾಫಿ ಇಟ್ಟು ಅಲ್ಲಿಯೇ ನಿಂತನು.

"ಸಂಬಳವಿಲ್ಲದಿದ್ದರೆ ಭೇಕೆ ಮತ್ತೆ ಮುಂಬಯಿಗೇ ಬರಬಹುದಲ್ಲ ರಾಯರೇ? ಈ ಸಲ ನಾನು ಏನೂ ಹೇಳುವುದಿಲ್ಲ."

"ಬಂದು ಏನು ಮಾಡುವುದು ತಮ್ಮಾ? ನಿಂತಿರುವುದು ಇಡೀ ಲೀಗು. ಇಲ್ಲಿಯಾದರೂ ಆಟ ಎಲ್ಲಿದೆ?"